117 ಬಂದೋಳು ಹಿಂದೆ, 104 ಬಂದೋಳು ಮುಂದೆ: ಇದ್ಯಾವ ಲೆಕ್ಕ?

ಹಿಪ್ಪುನೇರಳೆ · ಫೆಬ್ರುವರಿ 12, 2025, ರಾತ್ರಿ 9:40

ಎಲ್ರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಓದಿರೋದು ಎಸ್ಸೆಸ್ಸೆಲ್ಸಿ, ತಪ್ಪು ಕೇಳಿದ್ರೆ ಬೈಬೇಡಿ.

ಮಗಳು ಸೆಕೆಂಡ್ ಪಿಯು ಸೈನ್ಸ್. ಜನವರೀಲಿ ಇಂಜಿನಿಯರಿಂಗ್ ಸೀಟಿಗೆ ಬರೆಯೋ ಜೆಇಇ ಮೈನ್ ಬರೆದ್ಲು. ಕೀ ಆನ್ಸರ್ ಬಿಟ್ಟ ದಿನ ಅವಳೂ ಅವಳ ಗೆಳತೀನೂ ನಮ್ಮನೆ ಜಗಲಿ ಮೇಲೆ ಕೂತು ಒಂದೊಂದೇ ಟಿಕ್ ಹಾಕ್ಕೊಂಡು ಲೆಕ್ಕ ಮಾಡಿದ್ರು. ಮಗಳಿಗೆ 300ಕ್ಕೆ 117. ಗೆಳತಿಗೆ 104. ಆ ಮಗು ಅವತ್ತು ನಾವು ಎಷ್ಟು ಕರೆದ್ರೂ ಊಟ ಮಾಡದೆ ಎದ್ದು ಹೋಯ್ತು. ನಿನ್ನೆ ರಿಸಲ್ಟ್ ನೋಡಿದ್ರೆ ನಮ್ಮವಳಿಗೆ 91.8, ಗೆಳತಿಗೆ 92.4. ಈಗ ಊಟ ಬಿಟ್ಟಿರೋದು ನಮ್ಮವಳು.

ಒಬ್ಬಳದ್ದು ಬೆಳಿಗ್ಗೆ ಪಾಳಿ, ಇನ್ನೊಬ್ಬಳದ್ದು ಬೇರೆ ದಿನ ಮಧ್ಯಾಹ್ನ. ಪೇಪರ್ ಬೇರೆ ಬೇರೆ ಅಂತ ಗೊತ್ತು. ಆದ್ರೂ 13 ಮಾರ್ಕ್ಸ್ ಎಲ್ಲಿಗೆ ಹೋಯ್ತು? ರೀಚೆಕ್ಕಿಂಗ್‌ಗೆ ಹಾಕ್ಬೇಕಾ? ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.

ಕೋಲಾರ_ಟೊಮ್ಯಾಟೊ · ರಾತ್ರಿ 9:52

ಎಲ್ಲೂ ಹೋಗಿಲ್ಲ ಅಣ್ಣಾ, ಪಾಳಿ ಪಾಳಿಯ ಅಂಕ ಸರಿದೂಗಿಸೋ ನಾರ್ಮಲೈಸೇಶನ್ ಅನ್ನೋ ದೇವ್ರ ಹುಂಡಿಗೆ ಬಿತ್ತು. ನಾನು ಮೂರು ವರ್ಷದಿಂದ ರೈಲ್ವೆ ಎಕ್ಸಾಮ್ ಬರೀತಾ ಇದೀನಿ, ಆ ಹುಂಡಿಗೆ ಹಾಕ್ತಾನೇ ಇದೀನಿ. ಒಂದ್ಸಲ ಕೀ ಪ್ರಕಾರ ಬಂದಿದ್ದಕ್ಕಿಂತ 6 ಇಳೀತು. ಯಾಕೆ ಅಂದ್ರೆ ನಿನ್ ಪಾಳಿ ಸುಲಭ ಅಂತೆ. ಬರೆಯೋವಾಗ ನಂಗೆ ಯಾವ ಸುಲಭಾನೂ ಕಾಣ್ಲಿಲ್ಲ.

ಮೇಷ್ಟ್ರು_ರಿಟೈರ್ಡ್ · ರಾತ್ರಿ 10:30

ಹಿಪ್ಪುನೇರಳೆಯವರೇ, ಮೊದಲು ನಿಮ್ಮ ಕೊನೇ ಪ್ರಶ್ನೆಗೆ ಉತ್ತರ. ಜೆಇಇ ಮೈನ್‌ನಲ್ಲಿ ರೀಚೆಕ್ಕಿಂಗ್ ಅನ್ನೋದೇ ಇಲ್ಲ. ತಾತ್ಕಾಲಿಕ ಕೀ ಬಿಟ್ಟಾಗ ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಹಾಕಬಹುದಿತ್ತು, ಆ ಗಡುವು ಮುಗಿದಿದೆ. ಇದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಮಗಳ 91.8 ಅಂಕವೂ ಅಲ್ಲ, ಶೇಕಡಾವೂ ಅಲ್ಲ. ನಮ್ಮ ಬಿಬಿ ರಸ್ತೆ ಉದ್ದಕ್ಕೂ ನೇತಾಡುವ ಫ್ಲೆಕ್ಸ್‌ಗಳಲ್ಲಿ ‘ಶೇ. 98’ ಅಂತ ಬರೆದು ಹಾರ ಹಾಕಿರುತ್ತಾರಲ್ಲ, ಅದು ಶುದ್ಧ ತಪ್ಪು. ಮೂವತ್ತು ವರ್ಷ ಗಣಿತ ಹೇಳಿದವನಿಗೆ ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಪರ್ಸೆಂಟೈಲ್ ಅಂದರೆ ಅವಳ ಪಾಳಿಯಲ್ಲಿ ಬರೆದ ಪ್ರತಿ ನೂರು ಮಕ್ಕಳಲ್ಲಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ತೆಗೆದವರು ಎಷ್ಟು ಜನ ಅನ್ನೋದು. ಅಷ್ಟೇ.

ಈ ಜನವರಿಯಲ್ಲಿ ಬಿಇ ಪೇಪರ್ ಬರೆದವರು ಸುಮಾರು 12.58 ಲಕ್ಷ. 5 ದಿನ, 10 ಪಾಳಿ. ಸರಾಸರಿ ಪಾಳಿಗೆ 1.25 ಲಕ್ಷ ಅಂತಿಟ್ಟುಕೊಳ್ಳಿ. ಮಗಳ ಪಾಳಿಯಲ್ಲಿ 117ಕ್ಕಿಂತ ಜಾಸ್ತಿ ತೆಗೆದವರು ಹತ್ತಿರಹತ್ತಿರ 10,250 ಮಕ್ಕಳು. ಗೆಳತಿಯ ಪಾಳಿಯಲ್ಲಿ 104ಕ್ಕಿಂತ ಜಾಸ್ತಿ ತೆಗೆದವರು 9,500. ಅಂದರೆ ಗೆಳತಿಗೆ ಸಿಕ್ಕ ಪೇಪರಲ್ಲಿ 104 ತೆಗೆಯೋದು, ಮಗಳಿಗೆ ಸಿಕ್ಕ ಪೇಪರಲ್ಲಿ 117 ತೆಗೆಯೋದಕ್ಕಿಂತ ಒಂದು ಕೂದಲೆಳೆ ಕಷ್ಟವಾಗಿತ್ತು. ಯಾವ ಪೇಪರ್ ಕಷ್ಟ ಅಂತ ಪಂಡಿತರು ಕೂತು ತೀರ್ಮಾನ ಮಾಡಿದ್ದಲ್ಲ. ಬರೆದ ಮಕ್ಕಳ ಅಂಕಗಳೇ ಅದನ್ನು ಹೇಳಿದ್ದು.

13 ಅಂಕ ಯಾರೂ ಕಿತ್ತುಕೊಂಡಿಲ್ಲ. ಒಂದು ಪಾಳಿಯ ಅಂಕವನ್ನು ಇನ್ನೊಂದು ಪಾಳಿಯ ಅಂಕದ ಪಕ್ಕ ಇಟ್ಟಿದ್ದೇ ತಪ್ಪು. 2019ರಲ್ಲಿ ಎನ್‌ಟಿಎ ಅನ್ನೋ ಕೇಂದ್ರದ ಪರೀಕ್ಷಾ ಸಂಸ್ಥೆ ಈ ಪರೀಕ್ಷೆ ವಹಿಸಿಕೊಂಡಾಗಿನಿಂದ ಹೀಗೇ ನಡೆಯುತ್ತಿದೆ.

ಹಿಪ್ಪುನೇರಳೆ · ರಾತ್ರಿ 11:05

ಮೇಷ್ಟ್ರೇ, ಈಗ ಸ್ವಲ್ಪ ಹಿಡಿತಕ್ಕೆ ಬಂತು. ನಮ್ಮ ಮಾತಲ್ಲಿ ಹೇಳ್ತೀನಿ, ಸರೀನಾ ನೋಡಿ.

ಗೂಡಿನ ಮಾರುಕಟ್ಟೆಗೆ ಸೋಮವಾರ ಒಂದು ಲಾಟು ಹಾಕ್ದೆ, ಗುರುವಾರ ಒಂದು ಹಾಕ್ದೆ. ಸೋಮವಾರ ಕೆಜಿಗೆ 480 ಹೋಯ್ತು, ಗುರುವಾರ 430. ಅದೇ ಮನೆ, ಅದೇ ಸೊಪ್ಪು, ಅದೇ ಹುಳ. ರೇಟು ನೋಡಿ ಗುರುವಾರದ ಗೂಡು ಕೆಟ್ಟದ್ದು ಅನ್ನೋಕಾಗಲ್ಲ, ಅವತ್ತು ಮಾರುಕಟ್ಟೇನೇ ಬಿದ್ದಿತ್ತು. ಅದಕ್ಕೆ ನಮ್ಮಪ್ಪ ರೇಟು ಕೇಳ್ತಿರಲಿಲ್ಲ. ‘ಇವತ್ತು ನಮ್ ಲಾಟಿಗಿಂತ ಮೇಲೆ ಎಷ್ಟು ಲಾಟು ಹೋಯ್ತು’ ಅಂತ ಕೇಳ್ತಿದ್ರು. ಪರ್ಸೆಂಟೈಲ್ ಅಂದ್ರೆ ನಮ್ಮಪ್ಪನ ಪ್ರಶ್ನೆ, ಹೌದಾ?

ಮೇಷ್ಟ್ರು_ರಿಟೈರ್ಡ್ · ರಾತ್ರಿ 11:09

ನಿಮ್ಮ ತಂದೆಯವರು ನನ್ನ ಕ್ಲಾಸಲ್ಲಿ ಇರಬೇಕಿತ್ತು. ಅಲ್ಲ, ನಾನೇ ಅವರ ಕ್ಲಾಸಲ್ಲಿ ಇರಬೇಕಿತ್ತು.

ಹಿಪ್ಪುನೇರಳೆ · ಫೆಬ್ರುವರಿ 13, ಬೆಳಿಗ್ಗೆ 5:50

ರಾತ್ರಿ ಮಲಗಿದ ಮೇಲೆ ಒಂದು ಅನುಮಾನ ಬಂತು. ಗುರುವಾರ ಮಾರುಕಟ್ಟೆಗೆ ಬಂದಿದ್ದೆಲ್ಲಾ ಮೇಲ್ದರ್ಜೆಯ ಬೈವೋಲ್ಟಿನ್ ತಳಿ ಲಾಟುಗಳೇ ಆಗಿದ್ರೆ? ನಂದು ಸಿಬಿ, ಅಂದ್ರೆ ಮಿಶ್ರತಳಿ ಗೂಡು. ಎಷ್ಟೇ ಚೆನ್ನಾಗಿದ್ರೂ ಸಾಲಲ್ಲಿ ಹಿಂದಕ್ಕೆ ಹೋಗುತ್ತೆ. ಆಗ ಸಾಲು ನೋಡಿ ನನ್ನ ಗೂಡು ಕೆಟ್ಟದ್ದು ಅಂದ್ರೆ ಅನ್ಯಾಯ. ಮಗಳ ಪಾಳೀಲಿ ಬುದ್ಧಿವಂತ ಮಕ್ಕಳೇ ಜಾಸ್ತಿ ಕೂತಿದ್ರೆ ಏನು ಗತಿ?

ಗೌರಿಬಿದನೂರು_ಪ್ಯಾಸೆಂಜರ್ · ಬೆಳಿಗ್ಗೆ 7:35

ಟ್ರೇನಲ್ಲಿ ಕೂತು ಬರೀತಾ ಇದೀನಿ, ಯಲಹಂಕ ಬರೋಷ್ಟರಲ್ಲಿ ಮುಗಿಸ್ತೀನಿ. ಕೆಲಸ ಡೇಟಾ ಅನಾಲಿಸಿಸ್.

ಹಿಪ್ಪುನೇರಳೆ ಅಣ್ಣ, ಇಡೀ ಪದ್ಧತಿ ನಿಂತಿರೋದೇ ನೀವು ಕೇಳಿದ ಆ ಒಂದು ಮಾತಿನ ಮೇಲೆ. ಹತ್ತೂ ಪಾಳೀಲಿ ಮಕ್ಕಳು ಹೆಚ್ಚೂಕಮ್ಮಿ ಒಂದೇ ಮಟ್ಟದವರು ಅಂತ ಪರೀಕ್ಷೆ ನಡೆಸೋರು ನಂಬ್ಕೊಂಡಿದ್ದಾರೆ. ಯಾವ ಊರಲ್ಲಿ ಬರೀಬೇಕು ಅಂತ ನಾವು ಆರಿಸ್ತೀವಿ, ಯಾವ ಪಾಳಿ ಅಂತ ಕಂಪ್ಯೂಟರ್ ಹಂಚುತ್ತೆ. ಆ ಹಂಚಿಕೆ ಚೀಟಿ ಎತ್ತಿದ ಹಾಗೆ ಇದ್ರೆ ಬೈವೋಲ್ಟಿನ್ ಎಲ್ಲಾ ಒಂದೇ ದಿನ ಬರೋ ಪ್ರಶ್ನೆ ಇಲ್ಲ.

ಚೀಟಿ ಎತ್ತಿದ್ರೂ ಅಲ್ಪಸ್ವಲ್ಪ ಏರುಪೇರು ಇದ್ದೇ ಇರುತ್ತೆ. ಅದೆಷ್ಟು ಅಂತ ಲೆಕ್ಕ ಹಾಕಬಹುದು. 1.25 ಲಕ್ಷ ಜನ ಇರೋ ಪಾಳೀಲಿ, 92ರ ಆಸುಪಾಸಲ್ಲಿ, ಬರೀ ಹಂಚಿಕೆಯ ಅದೃಷ್ಟದಿಂದ ಆಗೋ ಏರುಪೇರು ಸುಮಾರು 0.08. ಎರಡು ಪಾಳಿ ಹೋಲಿಸಿದ್ರೆ 0.11. ನಿಮ್ಮ ಮಗಳಿಗೂ ಗೆಳತಿಗೂ ಇರೋ ಅಂತರ 0.6. ಹಾಗಾಗಿ ಅದನ್ನ ಅದೃಷ್ಟದ ತಲೆಗೆ ಕಟ್ಟೋಕಾಗಲ್ಲ.

ಆದ್ರೆ ಆ 0.08ನೂ ಸುಮ್ನೆ ಬಿಡೋ ಹಾಗಿಲ್ಲ. 12.58 ಲಕ್ಷದಲ್ಲಿ 0.08 ಅಂದ್ರೆ ಸಾವಿರ ರ್‍ಯಾಂಕು. ಎನ್‌ಐಟಿ ಅನ್ನೋ ಕೇಂದ್ರದ ಇಂಜಿನಿಯರಿಂಗ್ ಕಾಲೇಜಲ್ಲಿ ಬ್ರಾಂಚ್ ಬದಲಾಗೋಕೆ ಅಷ್ಟು ಸಾಕು. ಇನ್ನು ಅವರು ಪರ್ಸೆಂಟೈಲನ್ನ 7 ದಶಾಂಶದವರೆಗೆ ಕೊಡ್ತಾರೆ. ಒಬ್ಬ ವಿದ್ಯಾರ್ಥಿ ಹಿಂದೆಮುಂದೆ ಆದ್ರೆ 0.0008 ಬದಲಾಗುತ್ತೆ. ಅಲ್ಲಿಗೆ ಮೂರನೆಯದೋ ನಾಲ್ಕನೆಯದೋ ಸ್ಥಾನದ ಆಚೆಗಿರೋ ಅಂಕಿಗಳು ಯಾರ ಬುದ್ಧೀನೂ ಅಳೀತಿಲ್ಲ. ಬೇರೆ ಬೇರೆ ಪಾಳಿಯವರು ಒಂದೇ ಅಂಕಿ ಮೇಲೆ ಗುಂಪಾಗಿ ನಿಲ್ಲಬಾರದು ಅಂತ ಇರೋ ವ್ಯವಸ್ಥೆ ಅದು. ಮಕ್ಕಳು ಅದನ್ನ ಜಾತಕದ ಹಾಗೆ ಬಾಯಿಪಾಠ ಮಾಡ್ಕೊಂಡು ಓಡಾಡ್ತವೆ.

ಚಿಂತಾಮಣಿ_ಅಮ್ಮ · ಬೆಳಿಗ್ಗೆ 9:20

ನನ್ನ ಮಗನಿಗೆ ಫಿಸಿಕ್ಸ್ 90, ಕೆಮಿಸ್ಟ್ರಿ 89, ಮ್ಯಾಥ್ಸ್ 91. ಟೋಟಲ್ 93 ಅಂತ ಬಂದಿದೆ. ಸರಾಸರಿ 90 ಅಲ್ವಾ ಬರ್ಬೇಕು? ಜಾಸ್ತಿ ಬಂದಿದೆ ಅಂತ ಕೇಳೋಕೂ ಭಯ.

ಮೇಷ್ಟ್ರು_ರಿಟೈರ್ಡ್ · ಬೆಳಿಗ್ಗೆ 9:41

ಧೈರ್ಯವಾಗಿರಿ ತಾಯಿ, ಯಾರೂ ವಾಪಸ್ ಕೇಳಲ್ಲ. ಒಟ್ಟು ಪರ್ಸೆಂಟೈಲ್ ಮೂರರ ಸರಾಸರಿ ಅಲ್ಲ. ಒಟ್ಟು ಅಂಕವನ್ನು ಬೇರೆಯಾಗಿ ಸಾಲು ನಿಲ್ಲಿಸುತ್ತಾರೆ. ಮೂರರಲ್ಲೂ ಒಂದೇ ಸಮ ಮುಂದಿರುವ ಮಕ್ಕಳು ಕಡಿಮೆ. ಅದಕ್ಕೇ ಒಟ್ಟು ಸಾಲಿನಲ್ಲಿ ನಿಮ್ಮ ಮಗ ಇನ್ನೂ ಮುಂದೆ ಬಂದಿದ್ದಾನೆ.

ಎರಡನೇ_ಸಲ · ಬೆಳಿಗ್ಗೆ 11:15

ನೀವೆಲ್ಲಾ ಲೆಕ್ಕ ಚೆನ್ನಾಗಿ ಹೇಳ್ತೀರಿ. ನಂದು ಕೇಳಿ.

ಬೆಂಗಳೂರಿನ ಹೊರವಲಯದ ಒಂದು ಸೆಂಟರ್. ಬೆಳಿಗ್ಗೆ ಪಾಳಿಗೆ ಮೂರೂವರೆಗೆ ಎದ್ದು ಹೋಗಿದ್ದೆ. ಮ್ಯಾಥ್ಸ್‌ನಲ್ಲಿ ಹನ್ನೊಂದನೇ ಪ್ರಶ್ನೆಗೆ ಮೌಸ್ ನಿಂತೋಯ್ತು. ಬಾಣ ಪರದೆ ಮೂಲೇಲಿ ನಡುಗ್ತಾ ಕೂತಿತ್ತು. ಕೈ ಎತ್ತಿದೆ. ಸೂಪರ್‌ವೈಸರ್ ಬಂದು ವೈರ್ ಕಿತ್ತು ಹಾಕಿದ್ರು, ಬಗ್ಗಿ ಊದಿದ್ರು, ಆಮೇಲೆ ಪಕ್ಕದ ಖಾಲಿ ಸಿಸ್ಟಮ್‌ದು ತಂದ್ರು. ಮೇಲೆ ಗಡಿಯಾರ ಓಡ್ತಾನೇ ಇತ್ತು. ಎಂಟೊಂಬತ್ತು ನಿಮಿಷ ಹೋಯ್ತು. ಅದಕ್ಕಿಂತ ಜಾಸ್ತಿ ಹೋಗಿದ್ದು ತಲೆ. ಆಮೇಲೆ ಗೊತ್ತಿರೋ ಇಂಟಿಗ್ರಲ್‌ಗೂ ಮೈನಸ್ ಹಾಕ್ಕೊಂಡು ಬಂದೆ.

ನಾರ್ಮಲೈಸೇಶನ್ ಇದಕ್ಕೇನು ಮಾಡುತ್ತೆ? ಪೇಪರ್ ಕಷ್ಟ ಇದ್ರೆ 1.25 ಲಕ್ಷ ಜನಕ್ಕೂ ಕಷ್ಟ, ಸರಿಹೋಗುತ್ತೆ. ಮೌಸ್ ಕೆಟ್ಟಿದ್ದು ನಂಗೊಬ್ಬಳಿಗೆ.

ಗೌರಿಬಿದನೂರು_ಪ್ಯಾಸೆಂಜರ್ · ಮಧ್ಯಾಹ್ನ 1:10

ಏನೂ ಮಾಡಲ್ಲಮ್ಮಾ. ಅದು ಪೇಪರಿನ ತೂಕ ಸರಿಮಾಡೋ ತಕ್ಕಡಿ, ಸೆಂಟರಿನ ಎಡವಟ್ಟು ಅದಕ್ಕೆ ಕಾಣಲ್ಲ.

ಒಬ್ಬೊಬ್ಬರ ನಷ್ಟವನ್ನ ಸೂತ್ರದಿಂದ ತುಂಬೋಕೆ ಹೋಗಿ ಏನಾಯ್ತು ಅಂತ ಕಳೆದ ವರ್ಷ ನೀಟ್‌ನಲ್ಲಿ ನೋಡಿದ್ವಿ. ಸಮಯ ಕಳ್ಕೊಂಡ 1,563 ಜನಕ್ಕೆ ಗ್ರೇಸ್ ಮಾರ್ಕ್ಸ್ ಕೊಟ್ರು. ಅದಕ್ಕೆ ಬಳಸಿದ್ದು 2018ರಲ್ಲಿ ಕಾನೂನು ಕಾಲೇಜಿಗೆ ಬರೆಯೋ ಕ್ಲಾಟ್ ಪರೀಕ್ಷೆಯ ಗೊಂದಲದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ಸೂತ್ರ. ನೀಟ್‌ನಲ್ಲಿ ಒಂದು ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಆ ಲೆಕ್ಕದಲ್ಲಿ ಪೂರ್ತಿ ಅಂಕ 720 ಬಿಟ್ರೆ 716, ಇಲ್ಲಾ 715. ಗ್ರೇಸ್ ಸೇರಿ 719, 718 ಅಂತ ಬಂದಿದ್ದೇ ತಡ, ದೇಶಕ್ಕೆ ದೇಶವೇ ಎದ್ದು ಕೂತ್ಕೊಳ್ತು. ಕೊನೆಗೆ ಗ್ರೇಸ್ ರದ್ದು, ಬೇಕಾದವರಿಗೆ ಜೂನ್ 23ಕ್ಕೆ ಮರುಪರೀಕ್ಷೆ.

ನಿನ್ನ ಕೇಸಿಗೆ ಸೂತ್ರ ಬೇಕಾಗಿರಲಿಲ್ಲ. ಸರ್ವರಲ್ಲಿ ಒಂಬತ್ತು ನಿಮಿಷ ವಾಪಸ್ ಹಾಕಿದ್ರೆ ಸಾಕಿತ್ತು. ಅವತ್ತೇ ಬರೆದು ಕೊಟ್ಟಿದ್ದೀಯಾ?

ಎರಡನೇ_ಸಲ · ಮಧ್ಯಾಹ್ನ 1:14

ಕೊಟ್ಟೆ. ಇಸ್ಕೊಂಡ್ರು. ಅಷ್ಟೇ.

ಕೋಲಾರ_ಟೊಮ್ಯಾಟೊ · ಮಧ್ಯಾಹ್ನ 2:40

ಜೆಇಇ ಮಕ್ಕಳು ಪುಣ್ಯವಂತರು ಬಿಡ್ರಪ್ಪಾ, ಸಾಲು ಲೆಕ್ಕ ಆದ್ರೂ ಅರ್ಥ ಆಗುತ್ತೆ. ನಮ್ಮದು ನೋಡಿ. ಮೊನ್ನೆ ಡಿಸೆಂಬರಲ್ಲಿ ಮಧ್ಯಪ್ರದೇಶದಲ್ಲಿ ಫಾರೆಸ್ಟ್ ಗಾರ್ಡ್ ಎಕ್ಸಾಮ್ ರಿಸಲ್ಟ್‌ನಲ್ಲಿ ಟಾಪರ್‌ಗೆ 100ಕ್ಕೆ 101.66 ಬಂದೈತೆ! ಇಂದೋರಲ್ಲಿ ಹುಡುಗ್ರು ರೋಡಿಗಿಳಿದ್ರು. ನವೆಂಬರಲ್ಲಿ ಪ್ರಯಾಗ್‌ರಾಜ್‌ನಲ್ಲಿ ‘ಒಂದು ದಿನ, ಒಂದು ಪಾಳಿ’ ಅಂತ ಕೂತ್ಕೊಂಡು ಯುಪಿ ಸರ್ವಿಸ್ ಕಮಿಷನ್ ಮಣಿಯೋ ತನಕ ಏಳ್ಲಿಲ್ಲ. ಪಿಸಿಎಸ್ ಅನ್ನೋ ಅಲ್ಲಿನ ಆಫೀಸರ್ ಪರೀಕ್ಷೆಯ ಪ್ರಿಲಿಮ್ಸ್ ಒಂದೇ ದಿನ ಅಂತ ಒಪ್ಪಿಸಿದ್ರು. 100ಕ್ಕೆ 101 ಹೆಂಗೆ ಬರುತ್ತೆ, ಯಾರಾದ್ರೂ ಹೇಳ್ರಿ.

ಗೌರಿಬಿದನೂರು_ಪ್ಯಾಸೆಂಜರ್ · ರಾತ್ರಿ 8:15

ಆ ರಿಸಲ್ಟಿನ ಒಳಲೆಕ್ಕ ನಾನು ನೋಡಿಲ್ಲ, ಆ ಬಗೆಯ ಸೂತ್ರ ಹೇಗಿರುತ್ತೆ ಅಂತ ಹೇಳ್ತೀನಿ. ಅಂಕವನ್ನ ಸಾಲು ನಿಲ್ಲಿಸೋದು ಒಂದು ದಾರಿ, ಅಂಕವನ್ನೇ ಎಳೆದು ಹಿಗ್ಗಿಸೋದು ಇನ್ನೊಂದು. ಹಿಗ್ಗಿಸೋದಕ್ಕೆ ಎಂಟೆಕ್‌ಗೆ ಬರೆಯೋ ಗೇಟ್ ಪರೀಕ್ಷೆ ಒಳ್ಳೇ ಉದಾಹರಣೆ. ಪ್ರತಿ ಪಾಳೀಲಿ ಎರಡು ಕಲ್ಲು ನೆಡ್ತಾರೆ. ಮೇಲಿನ ಕಲ್ಲು ಅಂದ್ರೆ ಆ ಪಾಳಿಯ ಮೊದಲ 0.1 ಶೇಕಡಾ ಜನರ ಸರಾಸರಿ ಅಂಕ. ಕೆಳಗಿನ ಕಲ್ಲು ಅಂದ್ರೆ ಇಡೀ ಪಾಳಿಯ ಸರಾಸರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಸೇರಿಸಿದ್ದು. ಎಲ್ಲಾ ಪಾಳಿ ಸೇರಿಸಿ ಇಂಥದೇ ಎರಡು ಕಲ್ಲು ಲೆಕ್ಕ ಹಾಕ್ತಾರೆ. ಆಮೇಲೆ ನಿಮ್ಮ ಪಾಳಿಯ ಅಳತೆಪಟ್ಟಿಯನ್ನ ರಬ್ಬರ್ ಹಾಗೆ ಎಳೆದು, ಕಲ್ಲಿಗೆ ಕಲ್ಲು ಕೂರಿಸ್ತಾರೆ. ನಿಮ್ಮ ಪಾಳಿ ಕಷ್ಟದ್ದಾಗಿದ್ದು, ನೀವು ಮೇಲಿನ ಕಲ್ಲಿಗಿಂತಲೂ ಆಚೆ ನಿಂತಿದ್ರೆ, ರಬ್ಬರ್ ಎಳೆದಾಗ ನೀವು 100 ದಾಟಿಬಿಡಬಹುದು. ಲೆಕ್ಕದಲ್ಲಿ ತಪ್ಪಿಲ್ಲ, ಅದನ್ನ ‘100ಕ್ಕೆ ಇಷ್ಟು’ ಅಂತ ಅಚ್ಚು ಹಾಕಿದ್ದೇ ದಡ್ಡತನ.

ಬಾಗೇಪಲ್ಲಿ_ಗಡಿ · ರಾತ್ರಿ 8:40

ನಮ್ಮ ಕಡೆ ಅರ್ಧ ಮಕ್ಕಳು ಆಂಧ್ರದ ಪ್ರವೇಶ ಪರೀಕ್ಷೆ ಇಎಪಿಸೆಟ್ಟೂ ಬರೀತಾರೆ. ಅಲ್ಲೂ ಹೆಚ್ಚೂಕಮ್ಮಿ ಇದೇ ಎರಡು ಕಲ್ಲಿನ ಲೆಕ್ಕ. ನನ್ನ ತಮ್ಮ ‘ನಾರ್ಮಲೈಸೇಶನ್‌ಲೋ ಪೋಯಿಂದಿ’ (ಅದ್ರಲ್ಲೇ ಹೋಯ್ತು) ಅಂತ ತೆಲುಗಲ್ಲಿ ಅಳ್ತಿದ್ದ, ಜೆಇಇಗೆ ಕನ್ನಡದಲ್ಲಿ ಅತ್ತ.

(ಇಲ್ಲಿದ್ದ ಒಂದು ಪೋಸ್ಟ್ ತೆಗೆಯಲಾಗಿದೆ. ಕೋಚಿಂಗ್ ಜಾಹೀರಾತು ಬೇಡ, ಮೂರನೇ ಸಲ ಹೇಳ್ತಿರೋದು. – ನಿರ್ವಾಹಕ)

ಚಿಂತಾಮಣಿ_ಅಮ್ಮ · ರಾತ್ರಿ 9:05

ಸಿಇಟಿಲೂ ಇದೆಲ್ಲಾ ಇದೆಯಾ? ನಮ್ಮಂಥವರಿಗೆ ಕೊನೆಗೆ ಸಿಇಟಿ ತಾನೇ ಗತಿ.

ಮೇಷ್ಟ್ರು_ರಿಟೈರ್ಡ್ · ರಾತ್ರಿ 9:48

ಸಿಇಟಿ ಎಲ್ಲರಿಗೂ ಒಂದೇ ಪೇಪರ್, ಒಂದೇ ಹೊತ್ತು. ಸೆಟ್ ಬದಲಾದರೂ ಪ್ರಶ್ನೆಗಳು ಅವೇ, ಕ್ರಮ ಮಾತ್ರ ಬೇರೆ. ಹಾಗಾಗಿ ಪಾಳಿ ಲೆಕ್ಕದ ತಂಟೆ ಇಲ್ಲ. ಆದರೆ ತಂಟೆಯೇ ಇಲ್ಲ ಅಂದುಕೊಳ್ಳಬೇಡಿ. ಇಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕ. ತಂಟೆ ಇರೋದು ಆ ಇನ್ನರ್ಧದಲ್ಲಿ.

2021ರಲ್ಲಿ ಕೊರೊನಾ ಅಂತ ಪಿಯು ಪರೀಕ್ಷೆಯನ್ನೇ ನಡೆಸದೆ ಅಂಕ ಕೊಟ್ಟರು. ಆ ಬ್ಯಾಚಿನ ಸುಮಾರು 24,000 ಮಕ್ಕಳು 2022ರಲ್ಲಿ ಮತ್ತೆ ಸಿಇಟಿಗೆ ಕೂತಾಗ, ಸಿಇಟಿ ನಡೆಸುವ ಕೆಇಎ ಆ ಮಕ್ಕಳ ಪಿಯು ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಕ್ಕಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಸೆಪ್ಟೆಂಬರಿನಲ್ಲಿ ಅರ್ಧ ಅರ್ಧ ಸೇರಿಸಿ ಅಂತ ಹೇಳಿತು. ಹಾಗೆ ಸೇರಿಸಿದರೆ ನಿಜವಾಗಿ ಪರೀಕ್ಷೆ ಬರೆದ 2022ರ ಮಕ್ಕಳಿಗೆ ಪೆಟ್ಟು. ಕೊನೆಗೆ ವಿಭಾಗೀಯ ಪೀಠದ ಮುಂದೆ ಆದ ಒಪ್ಪಂದ ಏನೆಂದರೆ, ರಿಪೀಟರ್‌ಗಳ ಪಿಯು ಅಂಕದಲ್ಲಿ ನೂರಕ್ಕೆ ಸರಾಸರಿ 6ರಷ್ಟು ಕಡಿತ ಮಾಡಿ ಸೇರಿಸೋದು. ಅದೂ ಒಂದು ಥರದ ನಾರ್ಮಲೈಸೇಶನ್ನೇ. ನನ್ನ ವಿದ್ಯಾರ್ಥಿಯೊಬ್ಬ ಆ ಒಂದು ಸೀಸನ್ನಿನಲ್ಲಿ ಎರಡು ರ್‍ಯಾಂಕ್ ನೋಡಿದ, ಎರಡಕ್ಕೂ ಸ್ವೀಟ್ ಹಂಚಿದ.

ಎರಡನೇ_ಸಲ · ರಾತ್ರಿ 10:02

2024ರ ಸಿಇಟಿ ಮರೆತ್ರಾ ಸಾರ್? ಸಿಲಬಸ್‌ನಲ್ಲಿ ಇಲ್ಲದೇ ಇರೋದನ್ನ ಕೇಳಿದ್ರು, ಆಮೇಲೆ 50 ಪ್ರಶ್ನೆ ಬಿಟ್ಟು ಉಳಿದಿದ್ದಕ್ಕೆ ವ್ಯಾಲ್ಯುಯೇಶನ್ ಮಾಡಿದ್ರು. ಎಲ್ರಿಗೂ ಒಂದೇ ಸಮ ಅಂದ್ರು. ಆ ಪ್ರಶ್ನೆ ನೋಡಿದ ತಕ್ಷಣ ಬಿಟ್ಟು ಮುಂದೆ ಹೋದವರು ಬಚಾವ್. ನಾನು ಓದಿಲ್ಲವೇನೋ ಅಂತ ಹೆದರಿ ಒಂದೊಂದಕ್ಕೂ ಮೂರು ಮೂರು ನಿಮಿಷ ಕೂತೆ. ಬಿಟ್ಟುಬಿಟ್ಟ ಪ್ರಶ್ನೆಗೆ ಕೊಟ್ಟ ಸಮಯ ಯಾರು ವಾಪಸ್ ಕೊಡ್ತಾರೆ?

ಬಾಗೇಪಲ್ಲಿ_ಗಡಿ · ರಾತ್ರಿ 10:20

ಮೇಷ್ಟ್ರು ಒಂದು ಮಾತು ನುಂಗಿಕೊಂಡ್ರು. ಸಿಬಿಎಸ್‌ಇ ಅವರ 95ನೂ ನಮ್ಮ ಪಿಯು ಬೋರ್ಡಿನ 95ನೂ ಸಿಇಟಿಲಿ ಒಂದೇ ತಕ್ಕಡಿಗೆ ಹಾಕ್ತಾರೆ. ಪೇಪರ್ ಬೇರೆ, ತಿದ್ದೋರು ಬೇರೆ. ತಮಿಳುನಾಡಲ್ಲಿ ಇಂಜಿನಿಯರಿಂಗ್‌ಗೆ ಬೇರೆ ಬೇರೆ ಬೋರ್ಡಿನ ಅಂಕಾನ ಸರಿದೂಗಿಸಿ ಆಮೇಲೆ ಸೇರಿಸ್ತಾರೆ. ಜೆಇಇ ಮೈನ್‌ನಲ್ಲೂ 2013ರಿಂದ 2016ರವರೆಗೆ ಬೋರ್ಡ್ ಅಂಕಕ್ಕೆ 40 ಪರ್ಸೆಂಟ್ ತೂಕ ಇತ್ತು, ಅದನ್ನೂ ಪರ್ಸೆಂಟೈಲ್ ಮಾಡೇ ಸೇರಿಸ್ತಿದ್ರು. 2017ಕ್ಕೆ ಅದನ್ನೇ ಕೈಬಿಟ್ರು. ನಮ್ಮಲ್ಲಿ ಮಾತ್ರ ನೇರ ಕೂಡೋ ಲೆಕ್ಕ. ಪಾಳಿಗೆ ಅಷ್ಟೊಂದು ಕೂಗಾಡೋರು ಇದಕ್ಕೆ ಯಾಕೆ ಬಾಯೇ ಬಿಡಲ್ಲ?

ಮೇಷ್ಟ್ರು_ರಿಟೈರ್ಡ್ · ರಾತ್ರಿ 10:31

ನುಂಗಿದ್ದು ನಿಜ. ಇಪ್ಪತ್ತು ವರ್ಷ ಪಿಯು ಪೇಪರ್ ತಿದ್ದಿದವನು ನಾನು, ಆ ಕೈ ಎಷ್ಟು ಧಾರಾಳ ಅಂತ ನನಗೇ ಗೊತ್ತು. ಒಪ್ಪಿದೆ.

ಹಿಪ್ಪುನೇರಳೆ · ಫೆಬ್ರುವರಿ 14, ಮಧ್ಯಾಹ್ನ 12:30

ನಿನ್ನೆಯಿಂದ ಎಲ್ಲಾ ಓದ್ದೆ, ಕೆಲವನ್ನ ಮಗಳ ಹತ್ರ ಓದಿಸಿ ಕೇಳ್ದೆ. ಇನ್ನೊಂದೇ ಪ್ರಶ್ನೆ, ಬೇಜಾರಾಗಬೇಡಿ.

ನಮ್ಮಲ್ಲಿ ರೇಟೂ ಅಲ್ಲದೆ, ಸಾಲೂ ಅಲ್ಲದೆ ಮೂರನೇದು ಒಂದಿದೆ. ರೆಂಡಿಟ್ಟಾ ಅಂತೀವಿ. ಒಂದು ಕೆಜಿ ರೇಷ್ಮೆ ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು. 7 ಕೆಜಿ ಸಾಕಾದ್ರೆ ಒಳ್ಳೇ ಗೂಡು, 9 ಬೇಕಾದ್ರೆ ಸಾಧಾರಣ. ಅದು ಸೋಮವಾರ ಆದ್ರೂ ಅಷ್ಟೇ, ಗುರುವಾರ ಆದ್ರೂ ಅಷ್ಟೇ, ಪಕ್ಕದ ಲಾಟು ಯಾರದ್ದಾದ್ರೂ ಅಷ್ಟೇ. ಹಾಳಾದ್ದು ಪರೀಕ್ಷೆಗೂ ಅಂಥದ್ದೊಂದು ಇಲ್ವಾ?

ಮೇಷ್ಟ್ರು_ರಿಟೈರ್ಡ್ · ಮಧ್ಯಾಹ್ನ 3:15

ಇದೆ ಸ್ವಾಮಿ. ಎಲ್ಲಾ ಪಾಳಿಯ ಪೇಪರಿನೊಳಗೂ ಕೆಲವು ಪ್ರಶ್ನೆಗಳನ್ನು ಒಂದೇ ಥರ ಇಡೋದು. ಲಂಗರು ಪ್ರಶ್ನೆ ಅನ್ನೋಣ. ಆ ಪ್ರಶ್ನೆಗಳಿಗೆ ಎರಡು ಪಾಳಿಯವರು ಎಷ್ಟೆಷ್ಟು ಸರಿ ಉತ್ತರ ಕೊಟ್ಟರು ಅಂತ ನೋಡಿದರೆ, ಮಕ್ಕಳ ಮಟ್ಟ ಬೇರೆ ಇತ್ತಾ ಇಲ್ಲಾ ಪೇಪರ್ ಬೇರೆ ಇತ್ತಾ ಅಂತ ಬಿಡಿಸಿ ನೋಡಬಹುದು. ನಿಮ್ಮ ಬೈವೋಲ್ಟಿನ್ ಅನುಮಾನಕ್ಕೆ ನೇರ ಮದ್ದು ಅದು.

ಇಲ್ಲಿ ಯಾಕೆ ಮಾಡಲ್ಲ? ಬೆಳಿಗ್ಗೆ ಪಾಳಿ 12ಕ್ಕೆ ಬಿಟ್ಟರೆ 12:10ಕ್ಕೆ ಪ್ರಶ್ನೆಗಳೆಲ್ಲ ಮೊಬೈಲಲ್ಲಿ ಓಡಾಡುತ್ತವೆ. 3 ಗಂಟೆ ಪಾಳಿಯವನು ಆ ಲಂಗರು ಪ್ರಶ್ನೆಗಳನ್ನು ಗೇಟಿನ ಹೊರಗೇ ಬಿಡಿಸಿಕೊಂಡು ಒಳಗೆ ಹೋಗುತ್ತಾನೆ. ಮೇಲಾಗಿ ಇಲ್ಲಿ ಪೇಪರನ್ನೂ ಕೀಯನ್ನೂ ಪ್ರಕಟಿಸಲೇಬೇಕು. ಪ್ರಕಟಿಸದೆ ಇದ್ದರೆ ನಾವೇ ಬಿಡಲ್ಲ. ಪ್ರಶ್ನೆ ಗುಟ್ಟಾಗಿಟ್ಟರೆ ಅಳತೆ ಚೆನ್ನಾಗಿರುತ್ತೆ, ಪ್ರಕಟಿಸಿದರೆ ನಂಬಿಕೆ ಉಳಿಯುತ್ತೆ. ನಮ್ಮವರು ಎರಡನೆಯದನ್ನು ಆರಿಸಿಕೊಂಡಿದ್ದಾರೆ. ಪೇಪರ್ ಸೋರೋ ಸುದ್ದಿ ಕೇಳಿ ಕೇಳಿ ಸಾಕಾಗಿರೋ ನನಗೆ ಅದು ತಪ್ಪು ಅನಿಸಲ್ಲ.

ಇನ್ನು ಮಗಳ ವಿಚಾರ. ಜೆಇಇ ಮೈನ್ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಇದೆ, ಅದಕ್ಕೆ ಅರ್ಜಿ ಹಾಕೋಕೆ ಫೆಬ್ರುವರಿ 25 ಕೊನೆ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯುತ್ತಾರೆ, ಕಳೆದುಕೊಳ್ಳೋದು ಏನೂ ಇಲ್ಲ. ಕಳೆದ ವರ್ಷ ಐಐಟಿಗೆ ಬರೆಯೋ ಮುಂದಿನ ಹಂತ ಜೆಇಇ ಅಡ್ವಾನ್ಸ್ಡ್‌ಗೆ ಸಾಮಾನ್ಯ ವರ್ಗದ ಕಟಾಫ್ 93.23, ಒಬಿಸಿಗೆ 79.67. ನೀವು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಬರುವುದಾದರೆ ನಾಳೆಯೇ ನಾಡಕಚೇರಿಗೆ ಹೋಗಿ ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಮಾಡಿಸೋದು ಹೇಗೆ ಅಂತ ವಿಚಾರಿಸಿ, ಅಡ್ವಾನ್ಸ್ಡ್‌ಗೆ ಏಪ್ರಿಲ್ 1ರಿಂದ ಈಚೆಗೆ ಕೊಟ್ಟಿದ್ದೇ ಬೇಕು. ರಾಜ್ಯದ ಜಾತಿ ಸರ್ಟಿಫಿಕೇಟ್ ಅಲ್ಲಿ ನಡೆಯಲ್ಲ. ಇದನ್ನು ಜೂನ್‌ನಲ್ಲಿ ನೆನಪು ಮಾಡಿಕೊಂಡು ಅತ್ತವರನ್ನು ನಾನು ಬಹಳ ನೋಡಿದ್ದೇನೆ.

ಮಾರ್ಚ್ 1ಕ್ಕೆ ಪಿಯು ಪರೀಕ್ಷೆ ಶುರು. ಸದ್ಯಕ್ಕೆ ಅವಳು ಪರ್ಸೆಂಟೈಲ್ ಮುಟ್ಟದೆ ಇಂಟಿಗ್ರೇಷನ್ ಮುಟ್ಟಲಿ.

ಕೋಲಾರ_ಟೊಮ್ಯಾಟೊ · ಮಧ್ಯಾಹ್ನ 3:40

ಮೇಷ್ಟ್ರೇ, ರೈಲ್ವೆಗೂ ಒಂದು ಥ್ರೆಡ್ ತೆಗೀರಿ. ಟೊಮ್ಯಾಟೊ ಬಾಕ್ಸ್ ಲೆಕ್ಕದಲ್ಲಿ ನಾನು ಅರ್ಥ ಮಾಡ್ಕೋತೀನಿ.

ಹಿಪ್ಪುನೇರಳೆ · ರಾತ್ರಿ 7:10

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಗೆಳತಿ ಸಾಯಂಕಾಲ ಬಂದಿದ್ಲು. ಇಬ್ರೂ ಸೇರಿ ಏಪ್ರಿಲ್‌ಗೆ ಅರ್ಜಿ ಹಾಕಿದ್ರು, ಒಂದೇ ಪಾಳಿ ಬರ್ಲಿ ಅಂತ ದೇವ್ರಿಗೆ ಕೈ ಮುಗಿದ್ರು. ಬಂದ್ರೆ ಜಗಳಾನೇ ಇರಲ್ಲ, ಅಂಕ ಅಂಕಕ್ಕೇ ಹೋಲಿಸಬಹುದು, ಅಲ್ವಾ ಮೇಷ್ಟ್ರೇ? ಇಬ್ರೂ ಊಟ ಮಾಡ್ತಾ ಇದಾರೆ.

ಸರ್ಟಿಫಿಕೇಟಿಗೆ ಸೋಮವಾರ ಹೋಗ್ತೀನಿ. ನಾಳೆ ಆಗಲ್ಲ, ಹುಳ ಹಣ್ಣಾಗಿದೆ, ಬೆಳಿಗ್ಗೆಯೇ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು.